ನೀರಿನ ಮೇಲಿಂದ ಕೂಗಿದರೆ

೧೯೪೪ ಜನವರಿ ೧೧, ಮಂಗಳವಾರ
ಕುಂದಾಪುರ

ಇವತ್ತೂ ಟೋಪಿ ಹೋಯಿತು. ಗಾಳಿಗೆ ಹಾರಿ ಹೋದದ್ದಲ್ಲ, ಏಜೆಂಟ್ ರತ್ನಾಕರಯ್ಯನವರ ಮೇಜಿನ ಮೇಲೆ ಹೋಗಿ ಕೂತಿತು. ಬಸ್ಸು ತಡವಾದರೆ ನಮ್ಮ ಏಜೆಂಟರು ಕಂಡಕ್ಟರನ ಟೋಪಿ ತೆಗೆಸಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ. ಸಂಜೆಯವರೆಗೆ ಅದು ಅಲ್ಲೇ. ನಾನು ಬರಿತಲೆಯಲ್ಲಿ ನಿಂತು ಜನ ಹತ್ತಿಸಬೇಕು. ಪೇಟೆಯಲ್ಲಿ ಎಲ್ಲರಿಗೂ ಗೊತ್ತು. "ಪದ್ದು, ಇವತ್ತೂ ನಿನ್ ಟೋಪಿಗ್ ಉಪವಾಸವಾ?" ಎಂದು ಹೋಟೆಲಿನವರು ಕೇಳುತ್ತಾರೆ. ನಾನೂ ನಗುತ್ತೇನೆ. ನಗದೆ ಏನು ಮಾಡಲಿ?

ತಡವಾದದ್ದು ಮಾಬುಕಳದ ಕಡವಿನಲ್ಲಿ. ಹೊಳೆಗೆ ಸೇತುವೆ ಬರುವವರೆಗೆ ನಮ್ಮದು ಅರ್ಧ ಬಸ್ಸಿನ, ಅರ್ಧ ದೋಣಿಯ ಪ್ರಯಾಣ. ಬ್ರಹ್ಮಾವರದ ಕಡೆಯವರು ಆಚೆ ದಡದಲ್ಲಿ ಒಂದು ಬಸ್ಸಿನಿಂದ ಇಳಿದು, ದೋಣಿಯಲ್ಲಿ ದಾಟಿ, ಈಚೆ ನಮ್ಮ ಬಸ್ಸು ಹತ್ತಬೇಕು. ನಾನು ಸೀಟಿ ಊದಬೇಕು ಎನ್ನುವಾಗ ಹೊಳೆಯ ಮಧ್ಯದಿಂದ "ಹ್ವಾಯ್!" ಎಂದು ಕೂಗು ಬಂತು. ನಾನು "ಓ" ಎಂದೆ. ಓ ಎಂದ ಮೇಲೆ ಕಾಯಲೇಬೇಕಲ್ಲ.

ಅಪ್ಪಯ್ಯ ಗಂಗೊಳ್ಳಿ ಕಡವಿನಲ್ಲಿ ದೋಣಿ ಹಾಕುತ್ತಿದ್ದವನು. ನೀರಿನ ಮೇಲಿಂದ ಕೂಗಿದವರಿಗೆ ದಡದಲ್ಲಿದ್ದವನು ಓ ಎನ್ನಬೇಕು, ಅವರು ಬರುವ ತನಕ ನಿಲ್ಲಬೇಕು ಎಂದು ನನಗೆ ಚಡ್ಡಿ ಹಾಕುವ ಮೊದಲೇ ಹೇಳಿಕೊಟ್ಟಿದ್ದ. ಏಜೆಂಟರಿಗೆ ಇದನ್ನು ಹೇಳಿದೆ.

"ಬಸ್ಸ್ ನಿನ್ ಅಪ್ಪಂದಾ?" ಎಂದರು.

ಸ್ಟ್ಯಾಂಡಿನಲ್ಲಿದ್ದ ಜನರೆಲ್ಲ ಕೇಳಿಸಿಕೊಂಡರು.

ಜನವರಿ ೧೩

ಡ್ರೈವರ್ ಸೂರಣ್ಣ ಇದೇ ಲೈನಿನಲ್ಲಿ ಹಣ್ಣಾದವರು. ಅವರ ಬುದ್ಧಿಮಾತು: "ಬೈಗುಳ ಅಂದ್ರೆ ತೆಂಗಿನ್ ಮರದ್ ಮೇಲಿನ್ ಕಾಕಿ ಇದ್ದಂಗೆ. ಕೂಗುಕೆ ಬಿಡ್. ತಲಿ ಮೇಲೆತ್ತಿ ಕಂಡ್ರೆ ಮುಖಕ್ಕೇ ಬೀಳ್ತ್."

ಇವತ್ತು ತಲೆ ಎತ್ತಲಿಲ್ಲ. ಆದರೂ ಬಿತ್ತು.

ಏಜೆಂಟರದ್ದು ಪೂರ್ತಿ ಸುಳ್ಳಲ್ಲ ಎಂಬುದೇ ಕಷ್ಟ. ಯುದ್ಧ ಶುರುವಾದ ಮೇಲೆ ಪೆಟ್ರೋಲ್ ಇಲ್ಲ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುವುದು. ನಿಂತಷ್ಟೂ ಗ್ಯಾಸು ಸಪ್ಪೆಯಾಗುತ್ತದೆ. ಮತ್ತೆ ಗಾಳಿ ಹಾಕುವ ಚಕ್ರ ತಿರುಗಿಸಿ ತಿರುಗಿಸಿ ರಟ್ಟೆ ಬೀಳುತ್ತದೆ. ಕೋಟದ ಏರಿನಲ್ಲಿ ಜನ ಇಳಿದು ತಳ್ಳಬೇಕಾಗುತ್ತದೆ. ಅದೆಲ್ಲ ಸರಿ. ಆದರೆ ಅದನ್ನು ಮನುಷ್ಯನಿಗೆ ಮನುಷ್ಯ ಹೇಳುವ ಹಾಗೆ ಹೇಳಬಾರದೆ? ಬಸ್ಸಿನ ಯಜಮಾನರು ಮಂಗಳೂರಿನಲ್ಲಿದ್ದಾರೆ, ಒಳ್ಳೆಯವರಂತೆ. ದೇವರು ಕೊಟ್ಟರೂ ಪೂಜಾರಿ ಕೊಡ.

ಫೆಬ್ರವರಿ ೬, ಭಾನುವಾರ

ಏಜೆಂಟರ ಮುಖ ನೋಡಿ ದಿನದ ಹವಾ ಹೇಳುವಷ್ಟು ಕಲಿತಿದ್ದೇನೆ. ಎಲೆ ಅಡಿಕೆ ಬಲಗೆನ್ನೆಯಲ್ಲಿದ್ದರೆ ಬಚಾವು. ಎಡಗೆನ್ನೆಗೆ ಹೋಯಿತೋ, ದೂರ ನಿಲ್ಲಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಲೆಯ ಬೂದಿ ನಾನೇ ತೆಗೆಯುತ್ತೇನೆ, ಅದು ಕಂಡಕ್ಟರನ ಕೆಲಸವಲ್ಲದಿದ್ದರೂ. ಅವರ ಮನೆಗೆ ಬಾಳೆಗೊನೆ ಹೊತ್ತುಕೊಂಡು ಹೋಗಿ ಕೊಟ್ಟೆ. ನನ್ನ ಹೆಸರು ಪದ್ಮನಾಭ ಎಂದು ಅವರಿಗೆ ಇನ್ನೂ ಗೊತ್ತಿಲ್ಲ. "ಏ ಕಂಡಕ್ಟ್ರ್" ಅಷ್ಟೆ.

ಊಟ ಸೇರುವುದಿಲ್ಲ. ಬಡಿಸಿದ್ದನ್ನು ಹಾಗೇ ಬಿಟ್ಟು ಏಳುತ್ತೇನೆ.

ಫೆಬ್ರವರಿ ೨೨

ಮತ್ತೆ ಕಾದೆ. ಮತ್ತೆ ಟೋಪಿ. ಇವತ್ತು ಹೊಸ ಶಾಸ್ತ್ರ: ಪ್ರತಿ ಬಸ್ಸು ಹೊರಡುವಾಗಲೂ ನಾನು ಮೇಜಿನ ಮುಂದೆ ನಿಂತು "ನಾನ್ ತಡ ಮಾಡ್ದೆ" ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದೆ. ಊರಿನವರೊಬ್ಬರು ಬಸ್ಸಿನ ಕಿಟಕಿಯಿಂದ ನೋಡಿದರು, ತಕ್ಷಣ ಬೇರೆ ಕಡೆ ತಿರುಗಿದರು. ಅವರು ನಕ್ಕಿದ್ದರೆ ವಾಸಿಯಿತ್ತು.

ಬಿಟ್ಟು ಹೋಗೋಣ ಎಂದರೆ ಊರಲ್ಲಿ ಹೆತ್ತ ಅಬ್ಬೆ, ಅಕ್ಕ ಸರಸಕ್ಕ. ಅಬ್ಬೆಗೆ ಕಣ್ಣಿನ ಪೊರೆ. ಗಂಡ ಸತ್ತು ಮನೆಗೆ ಬಂದ ಸರಸಕ್ಕ ಅವಳ ಕೈಹಿಡಿದು ಬಾವಿಕಟ್ಟೆಗೆ ಕರೆದುಕೊಂಡು ಹೋಗುತ್ತಾಳೆ. ನಾನು ಬರಿಗೈಯಲ್ಲಿ ಹೋಗಿ ಕಿರಿಮಂಜೇಶ್ವರದಲ್ಲಿ ಕೂತರೆ ಮೂರು ಜನ ಮುಖ ಮುಖ ನೋಡಿಕೊಳ್ಳಬೇಕು.

ಮಾರ್ಚ್ ೭

ಇವತ್ತು ಕಾಯಲಿಲ್ಲ.

ದೋಣಿ ಹೊಳೆಯ ಮಧ್ಯ ಇತ್ತು. ಒಬ್ಬ ಗಂಡಸು ಎದ್ದು ನಿಂತು ಶಾಲು ಬೀಸಿ ಕೂಗಿದ. ಬಾಯಿ ತಪ್ಪಿ ಓ ಎಂದೆ. ಓ ಎಂದದ್ದು ಕೇಳಿ ಅವನು ನೆಮ್ಮದಿಯಾಗಿ ಕೂತುಕೊಂಡ. ಆಮೇಲೆ ನಾನು ಸೀಟಿ ಊದಿ "ರೈಟ್" ಎಂದೆ. ಸೂರಣ್ಣ ಒಂದು ಸಲ ಹಿಂದೆ ತಿರುಗಿ ನೋಡಿದರು, ಗಾಡಿ ಬಿಟ್ಟರು.

ಓ ಎಂದು ಬಿಟ್ಟು ಬರುವುದು ಮೋಸ. ಇನ್ನು ಮೇಲೆ ಓ ಎನ್ನಲೇಬಾರದು. ಕೇಳಿಸದವನ ಹಾಗೆ ಇದ್ದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ.

ಮಾರ್ಚ್ ೨೫

ಹದಿನೈದು ದಿನದಿಂದ ಟೋಪಿ ತಲೆಯ ಮೇಲೇ ಇದೆ. ಇವತ್ತು ಏಜೆಂಟರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. "ಈಗ್ ನೀನ್ ಕಂಡಕ್ಟರ್ ಆದೆ ಕಾಣ್!" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ನಾಚಿಕೆ, ಕಣ್ಣಲ್ಲಿ ನೀರು ಬಂತು. ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆ. ತುಂಬ ದಿನಗಳ ಮೇಲೆ ಹೊಟ್ಟೆ ತುಂಬಿತು.

ಕಡವಿನಲ್ಲಿ ಈಗ ಕಷ್ಟವೇ ಇಲ್ಲ. ದೋಣಿಯ ಕಡೆಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಏಪ್ರಿಲ್ ೧೪
ಕಿರಿಮಂಜೇಶ್ವರ

ಹೊಸ ವರ್ಷದ ಹಬ್ಬಕ್ಕೆಂದು ಒಂದು ದಿನ ರಜ ಸಿಕ್ಕಿತು. ಅಬ್ಬೆ ಪಾಯಸ ಬಡಿಸಲು ಬಂದು ಪಾತ್ರೆ ಎಲ್ಲಿ, ಎಲೆ ಎಲ್ಲಿ ಎಂದು ತಡವರಿಸುತ್ತಿದ್ದಳು. "ಬೇಗ ಬೇಗ! ಇಡೀ ದಿನ ಇಲ್ಲೇ ಕೂಕಂಬುಕೆ ಆತ್ತಾ?" ಎಂದೆ. ಸಾಧಾರಣ ಮಾತು. ಅವಳ ಕೈಯಿಂದ ಸೌಟು ಜಾರಿತು.

"ಪದ್ದು, ನಿನ್ ಸ್ವರ ಎಂತ ಹೀಂಗಾಯ್ತ್ ಮಗಾ?" ಎಂದಳು. "ನಂಗ್ ಈಗ ಮುಖ ಕಾಂತಿಲ್ಲೆ. ಸ್ವರದಂಗೇ ಜನ ಗುರ್ತ್ ಹಿಡುದ್. ಬಾಗಿಲಂಗೆ ನೀ ಮಾತಾಡ್ದಾಗ ಯಾರೋ ಬೇರೆಯವ್ರ್ ಅಂದ್ಕಂಡೆ."

ಇದ್ದಿಲಿನ ಹೊಗೆಗೆ ಗಂಟಲು ಕಟ್ಟಿದೆ ಎಂದೆ. ಸರಸಕ್ಕ ನೆಲ ಒರಸಿದಳು. ಅಬ್ಬೆಗೆ ವಯಸ್ಸಾಯಿತು, ಸಣ್ಣದಕ್ಕೂ ಕಣ್ಣೀರು.

ಮೇ ೮

ಇದ್ದಿಲು ಹಸಿ ಇತ್ತು. ಬಸ್ಸು ಕೋಟೇಶ್ವರದಲ್ಲಿ ಏಳಲಾರದ ಹಾಗೆ ಕೂತುಬಿಟ್ಟಿತು. ಎಲ್ಲರೂ ತಳ್ಳಿ, ಗಾಳಿ ಹಾಕಿ, ಸ್ಟ್ಯಾಂಡಿಗೆ ಮುಟ್ಟುವಾಗ ಹೊತ್ತು ಏರಿತ್ತು. ಇದ್ದಿಲು ತರಿಸಿದವರು ಏಜೆಂಟರೇ. ನಾನು ಹಾಗೆಂದು ಹೇಳಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಇಳಿದೆ, ಕೇಳುವ ಮೊದಲೇ ಕೊಟ್ಟುಬಿಡೋಣ ಎಂದು.

ಅವರು ಮೇಜಿನ ಮೇಲೆ ಇಡಲಿಲ್ಲ. ಬಸ್ಸಿನ ಹಿಂದೆ ಹೋಗಿ, ಒಲೆಯ ಮುಚ್ಚಳ ತೆಗೆಸಿ, ಟೋಪಿಯನ್ನು ಒಳಗೆ ಹಾಕಿದರು. "ಇದ್ದಿಲ್ ಉರಿತಿಲ್ಲೆ ಅಂಬ್ರಲ್ಲ. ಇದಾರೂ ಉರಿಲಿ."

ಜನ ನಕ್ಕರು. ಸೂರಣ್ಣ ನಗಲಿಲ್ಲ.

ಎರಡು ತಿಂಗಳು ಅವರು ಹೇಳಿದ ಹಾಗೆ ಕೇಳಿದೆ. ಎಷ್ಟು ಜನರನ್ನು ಹೊಳೆಯ ಮೇಲೆ ಬಿಟ್ಟು ಬಂದೆ! ಅದಕ್ಕೆ ಸಿಕ್ಕಿದ ಬಹುಮಾನ ಇದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನ್ನದು ಅಡಿಕೆಗೂ ಹೋಗಲಿಲ್ಲ, ಹಸಿ ಇದ್ದಿಲಿಗೆ ಹೋಯಿತು.

ಮೇ ೯

ಬಿಟ್ಟೆ.

ಮೇ ೨೯
ಗಂಗೊಳ್ಳಿ

ಕೆಲಸ ಸಿಕ್ಕಿತು. ಸೂರಣ್ಣನವರೇ ಹೇಳಿಕಳುಹಿಸಿದ್ದು. ಗಂಗೊಳ್ಳಿಯಿಂದ ಬೈಂದೂರಿಗೆ ಹೋಗುವ ಬಸ್ಸು, ಆ ದಾರಿಗೆ ಇರುವುದು ಅದೊಂದೇ. ಯಜಮಾನರು ರಾಜೀವ ಶೆಟ್ಟರು ಸ್ಟ್ಯಾಂಡಿನಲ್ಲೇ ಇರುತ್ತಾರೆ. ನಾನು ಹೊರಗೆ ನಿಂತಿದ್ದೆ. "ಒಳ್ಗ್ ಬನ್ನಿ, ಕೂಕಣಿ. ಹೆಸ್ರ್ ಎಂತ ನಿಮ್ದ್?" ಎಂದರು. ನನಗೆ ನಿಮ್ಮದು ಎಂದವರು ಇವರೊಬ್ಬರೇ ಇರಬೇಕು. ಹೆಸರು ಹೇಳಲು ತಡವರಿಸಿದೆ.

ಹೊಸ ಟೋಪಿ ಕೊಟ್ಟರು. "ನಮ್ದ್ ದೊಡ್ಡ್ ಕಾನೂನ್ ಎಂತ ಇಲ್ಲೆ, ಪದ್ಮನಾಭ. ಕುಂದಾಪ್ರದ್ ದೋಣಿ ಬಪ್ಪುದ್ ಕಂಡ್ರೆ ಕಾಯಿನಿ. ನೀರಿನ್ ಮೇಲ್ ಇಪ್ಪುವರ್ನ ಬಿಟ್ ಹೋಪ್ದ್ ಬ್ಯಾಡ. ತಡ ಆರೆ ಆಯ್ತ್."

ಅಪ್ಪಯ್ಯನ ಮಾತೇ. ಕೇಳಿ ಎದೆ ತುಂಬಿ ಬರಬೇಕಿತ್ತು. ನನಗೆ ಅನಿಸಿದ್ದು, ಇವರ ಬಸ್ಸು ಎಷ್ಟು ದಿನ ನಡೆದೀತು ಎಂದು.

ಜೂನ್ ೧೮

ಮಳೆ ಹಿಡಿದಿದೆ. ಮರವಂತೆಯಲ್ಲಿ ಸಮುದ್ರದ ನೀರು ಹಾರಿ ಬಸ್ಸಿನೊಳಗೆ ಬರುತ್ತದೆ.

ಇಲ್ಲಿ ಎಲ್ಲ ಒಳ್ಳೆಯದೇ. ಮಧ್ಯಾಹ್ನ ಶೆಟ್ಟರು ನಮ್ಮ ಜೊತೆಯೇ ಕೂತು ಗಂಜಿ ಉಣ್ಣುತ್ತಾರೆ. ಡ್ರೈವರ್ ಬಚ್ಚಣ್ಣ ದೋಣಿಗೆ ಕಾಯುವಾಗ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾರೆ. ನಾನು ಮಾತ್ರ ಸೀಟಿ ಬಾಯಿಗಿಟ್ಟು, ತೆಗೆದು, ದಡದಲ್ಲಿ ಅತ್ತಿಂದಿತ್ತ ನಡೆಯುತ್ತಿರುತ್ತೇನೆ. ದೋಣಿ ನಿಧಾನವಾಗಿ ಬರುತ್ತಿದ್ದರೆ ಅದರಲ್ಲಿ ಕೂತವರ ಮೇಲೆ ಸಿಟ್ಟು. ಮನೆಯಿಂದ ಮೊದಲೇ ಹೊರಡಲು ಏನು ರೋಗ ಇವರಿಗೆ?

ಈ ಬಸ್ಸಿಗೂ ಇದ್ದಿಲಿನ ಒಲೆಯೇ; ಅದಕ್ಕೆ ಇದ್ದಿಲು ತುಂಬುವವನು ಗುಡ್ಡ ಎಂಬವನು, ನನಗಿಂತ ಹಿರಿಯ, ಆದರೆ ಸೋಮಾರಿ. ಇವತ್ತು ಒಲೆಯ ಹತ್ತಿರ ಬೀಡಿ ಎಳೆಯುತ್ತ ಕೂತಿದ್ದ. "ಬಸ್ಸ್ ನಿನ್ ಅಪ್ಪಂದಾ?" ಎಂದು ಕೇಳಿದೆ. ಎದ್ದ, ಕೆಲಸ ಮಾಡಿದ. ಜನಕ್ಕೆ ಹೀಗೆ ಹೇಳಿದರೇ ತಿಳಿಯುವುದು.

ಬಚ್ಚಣ್ಣ ಆಮೇಲೆ ನನ್ನ ಹತ್ತಿರ ಬಂದು, "ಇಲ್ಲ್ ಯಾರೂ ಬೈತಿಲ್ಲೆ ಮಾರಾಯಾ. ಎಂತಕ್ ಹೆದ್ರುದ್ ನೀನ್?" ಎಂದರು. ನಾನೆಲ್ಲಿ ಹೆದರಿದೆ? ಹೆದರಿದವನು ಗುಡ್ಡ. ಒಟ್ಟಿನಲ್ಲಿ ಈ ಬಸ್ಸಿಗೆ ಒಂದು ಶಿಸ್ತು ತಂದವನು ನಾನು.

ಜುಲೈ ೧೭

ಸರಸಕ್ಕ ಅಬ್ಬೆಯನ್ನು ಕುಂದಾಪುರಕ್ಕೆ ಕರೆದುಕೊಂಡು ಹೋದಳು, ಕಣ್ಣಿನ ಡಾಕ್ಟರು ಬರುತ್ತಾರಂತೆ. ನಮ್ಮ ಬಸ್ಸಿನಲ್ಲೇ ಗಂಗೊಳ್ಳಿಗೆ ಬಂದರು. ಅಬ್ಬೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಚ್ಚಣ್ಣನಿಗೆ ನನ್ನ ಚಿಕ್ಕಂದಿನ ಕಥೆ ಹೇಳಿದಳು. ದೋಣಿಗೆ ಹತ್ತಿಸುವಾಗ ಬೇಗ ಬೇಗ ಎಂದೆ. ಮಳೆಗಾಲದ ಹೊಳೆ, ಹೆದರಿಕೊಂಡಳು. "ಓ ಅಂಬುಕೆ ನೀ ದಡದಂಗ್ ಇರ್ತ್ಯಲೆ, ಅಷ್ಟ್ ಸಾಕ್" ಎಂದಳು.

ಪೊರೆ ತೆಗೆದರೆ ಶನಿವಾರ ಬರುವುದು. ಅಬ್ಬೆಗೆ ನನ್ನ ಮುಖ ಕಾಣುತ್ತದೆ.

ಜುಲೈ ೨೦, ಗುರುವಾರ
ಬೈಂದೂರು

ಇಡೀ ದಿನ ಕುಂಭದ್ರೋಣ ಮಳೆ. ಇದ್ದಿಲು ಒದ್ದೆ, ಒಲೆ ಎರಡು ಸಲ ನಂದಿತು. ಶೆಟ್ಟರು ಊರಲ್ಲಿ ಇರಲಿಲ್ಲ. ಸಂಜೆಯ ಬಸ್ಸಿಗೆ ಅಂತೂ ಗ್ಯಾಸು ಹಿಡಿಯಿತು ಎನ್ನುವಾಗ ಹೊಳೆಯಲ್ಲಿ ಒಂದು ದೋಣಿ. ಮಳೆಗೆ ಬರಿ ಕರಿ ಗೆರೆ ಕಾಣುತ್ತಿತ್ತು. ಯಾರೋ ಹ್ವಾಯ್ ಹ್ವಾಯ್ ಎಂದು ಕೂಗುತ್ತಲೇ ಇದ್ದರು. ಬಚ್ಚಣ್ಣ, "ಕಾಯ್ವನಾ?" ಎಂದರು. ಮತ್ತೆ ಒಲೆ ನಂದಿದರೆ ಗಾಳಿ ಹಾಕುವವರು ಯಾರು? ಸೀಟಿ ಊದಿದೆ. ಬಚ್ಚಣ್ಣ ನನ್ನ ಮುಖವನ್ನೇ ನೋಡಿದರು. ಇನ್ನೊಮ್ಮೆ ಊದಿದೆ.

ಸರಿಯಾದ ಹೊತ್ತಿಗೆ ಬೈಂದೂರು ಮುಟ್ಟಿದೆವು. ಈ ಮಳೆಯಲ್ಲಿ ಯಾರೂ ಹೀಗೆ ಮುಟ್ಟಿಸಿರಲಿಕ್ಕಿಲ್ಲ. ಟೋಪಿ ಒಣಗಲು ಹಾಕಿದ್ದೇನೆ.

ಜುಲೈ ೨೧

ಬೆಳಿಗ್ಗೆ ಉಪ್ಪುಂದ ದಾಟಿ ಕಿರಿಮಂಜೇಶ್ವರಕ್ಕೆ ಬರುವಾಗ ರಸ್ತೆಯ ಮಧ್ಯ ಸರಸಕ್ಕ ಕೈ ಅಡ್ಡ ಹಿಡಿದು ನಿಂತಿದ್ದಳು. ನಾನು ಇಳಿದೆ. ಶನಿವಾರ ಬರುವವಳು ಶುಕ್ರವಾರವೇ ಇಲ್ಲಿ ಹೇಗೆ ಎಂದು ಕೇಳಲಿಲ್ಲ. ಅವಳ ಮುಖ ನೋಡಿದಾಗಲೇ ಗೊತ್ತಾಯಿತು.

"ಅಬ್ಬೆಗ್ ಜ್ವರ" ಎಂದಳು. ಅಷ್ಟೇ ಹೇಳಿದಳು.

ಜುಲೈ ೨೩

ಬರೆಯುತ್ತೇನೆ. ಇಲ್ಲದಿದ್ದರೆ ತಲೆ ಒಡೆದುಹೋಗುತ್ತದೆ.

ಪೊರೆ ಇನ್ನೂ ಹಣ್ಣಾಗಿಲ್ಲ, ಮಳೆಗಾಲ ಕಳೆದು ಬನ್ನಿ ಎಂದು ಡಾಕ್ಟರು ಗುರುವಾರವೇ ಕಳುಹಿಸಿದರಂತೆ. ಸಂಜೆಯ ಬಸ್ಸಿಗೆ ಸಿಗುವ ಹಾಗೆ ದೋಣಿ ಹತ್ತಿದರಂತೆ. ಬಸ್ಸು ಹೋದ ಮೇಲೆ ಕಡವಿನಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದು, ಒಂದು ಎತ್ತಿನ ಗಾಡಿ ಸಿಕ್ಕಿ, ಮಳೆಯಲ್ಲೇ ಮನೆಗೆ ಬಂದರಂತೆ.

ಇದನ್ನು ನನಗೆ ಹೇಳಿದವಳು ಅಬ್ಬೆ. ಜ್ವರದಲ್ಲಿ ಕೈ ಸುಡುತ್ತಿತ್ತು. ನನ್ನ ಕೈ ಹಿಡಿದುಕೊಂಡೇ ಹೇಳಿದಳು.

"ಎಷ್ಟ್ ಕೂಗ್ದೆ ಗೊತ್ತಿತ್ತಾ ಮಗಾ? ಗಂಟ್ಲ್ ಹರ್ದ್ ಹೋಯ್ತ್. ಬಸ್ಸ್ ಗುರ್ ಅಂದದ್ ಕೇಂತ್, ಸೀಟಿ ಕೇಂತ್. ಓ ಅಂದದ್ ಕೇಳ್ಲಿಲ್ಲ. ಆಗ್ಳೇ ನಂಗ್ ಗೊತ್ತಾಯ್ತ್, ಇವತ್ತ್ ನನ್ನ್ ಪದ್ದು ಕೆಲ್ಸಕ್ ಬರ್ಲಿಲ್ಲ, ಇದ್ ಬೇರೆ ಯಾರೋ ಅಂದೇಳಿ. ನೀ ಆರೆ ಓ ಅಂತಿದ್ದೆ."

ತಲೆ ಎತ್ತಿದೆ. ಗೋಡೆಯ ಹತ್ತಿರ ಸರಸಕ್ಕ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಕಣ್ಣಿಗೆ ಪೊರೆ ಇಲ್ಲ. ದೋಣಿ ದಡದ ಹತ್ತಿರ ಬರುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತವನು ಯಾರೆಂದು ಅವಳು ನೋಡಿದ್ದಾಳೆ.

"ಆ ಕಂಡಕ್ಟರಿಗ್ ನೀ ಎಂತ ಬೈಬ್ಯಾಡ, ಆಯ್ತಾ?" ಎಂದಳು ಅಬ್ಬೆ. "ಪಾಪ. ಅವ್ನಿಗೂ ಮೇಲ್ ಬೈಯುವರ್ ಯಾರಾರೂ ಇರ್ತ್ರ್. ನೀ ಕುಂದಾಪ್ರದಂಗ್ ಎಷ್ಟ್ ಅನುಭವ್ಸಿದ್ದೆ, ನಂಗ್ ಗೊತ್ತಿಲ್ಯಾ?"

ಹೊರಗೆ ಬಂದು ಜಗಲಿಯ ಕಂಬ ಹಿಡಿದುಕೊಂಡೆ. ಸರಸಕ್ಕ ಹಿಂದೆ ಬಂದಳು.

"ನಾ ಹೇಳ್ಲಿಲ್ಲ. ನೀನೂ ಹೇಳ್ಬ್ಯಾಡ" ಎಂದಳು. "ಹೇಳಿರೆ ನಿಂಗ್ ಹಗುರ ಆತ್ತ್. ಆ ಭಾರ ಅಬ್ಬೆ ಹೊರ್ಕಾ?"

ಅಬ್ಬೆ ತಿಳಿದುಕೊಂಡದ್ದು ತಪ್ಪು. ಆ ಕಂಡಕ್ಟರನಿಗೆ ಮೇಲೆ ಬಯ್ಯುವವರು ಯಾರೂ ಇರಲಿಲ್ಲ. ಕಾಯಿರಿ ಎಂದವರೇ ಇದ್ದರು.

ಜುಲೈ ೨೭

ಅಬ್ಬೆ ಹೋದಳು. ಹೊತ್ತು ಏರುವಾಗ.

ಕೊನೆಯವರೆಗೂ ಅವಳಿಗೆ ಗೊತ್ತಾಗಲಿಲ್ಲ.

ಆಗಸ್ಟ್ ೧೪
ಗಂಗೊಳ್ಳಿ

ಅಬ್ಬೆಯ ಉತ್ತರಕ್ರಿಯೆ, ಬೊಜ್ಜ, ಎಲ್ಲ ಮುಗಿಸಿ ಇವತ್ತು ಕೆಲಸಕ್ಕೆ ಬಂದೆ. ಗುಡ್ಡ ನನ್ನನ್ನು ಕಂಡ ಕೂಡಲೇ ಬೀಡಿ ಎಸೆದು ಎದ್ದು ನಿಂತ. ತಲೆ ತಗ್ಗಿಸಿದ. ಆ ನಿಲುವು ನನಗೆ ಗೊತ್ತು. ಏಜೆಂಟರ ಮೇಜಿನ ಮುಂದೆ ನಾನು ಹಾಗೆಯೇ ನಿಲ್ಲುತ್ತಿದ್ದೆ. "ಕೂಕೊ ಗುಡ್ಡಣ್ಣ" ಎಂದೆ. ಅವನು ಕೂರಲಿಲ್ಲ. ಹೆದರಿಕೆ ಹಾಕಲು ಒಂದು ಮಾತು ಸಾಕಾಯಿತು, ತೆಗೆಯಲು ಎಷ್ಟು ಬೇಕೋ.

ಶೆಟ್ಟರಲ್ಲಿಗೆ ಹೋಗಿ ಎಲ್ಲ ಹೇಳಿದೆ. ಆ ಗುರುವಾರ ದೋಣಿಗೆ ಕಾಯದೆ ಬಸ್ಸು ಬಿಡಿಸಿದ್ದು, ಅದರಲ್ಲಿ ಯಾರು ಇದ್ದರೆಂಬುದು. ಟೋಪಿ ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಬಯ್ಯಲಿ, ಒಲೆಗೆ ಹಾಕಲಿ, ಹೊಡೆಯಲಿ ಎಂದು ಕಾದೆ. ಬೈಗುಳ ತಿಂದರೆ ಎಲ್ಲಿಯಾದರೂ ಒಂದು ಕಡೆ ಇದು ಮುಗಿಯಬಹುದು ಅನಿಸಿತ್ತು.

ಶೆಟ್ಟರು ಎದ್ದು ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಟೋಪಿಯನ್ನು ಎತ್ತಿ, ಧೂಳು ಕೊಡವಿ, ನನ್ನ ಕೈಗೆ ಕೊಟ್ಟರು.

"ಬಸ್ಸಿನ್ ಹೊತ್ತ್ ಆಯ್ತ್, ಪದ್ಮನಾಭ" ಎಂದರು. "ಹೊಳೆ ಬದಿಗ್ ಹೋಯಿ ನಿಲ್ಲಿನಿ. ಯಾರಾರೂ ಬಪ್ಪುದಿತ್ತಾ ಕಾಣಿನಿ."

ಹೋಗಿ ನಿಂತೆ. ಮಳೆ ಬಿಟ್ಟಿತ್ತು. ಆಚೆಯಿಂದ ಒಂದು ದೋಣಿ ಬರುತ್ತಿತ್ತು, ಅದರಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ಸೆರಗು. ಕೈ ಎತ್ತಿ "ಹ್ವಾಯ್!" ಎಂದಳು.

ಓ ಎಂದೆ. ಮೊದಲ ಸಲ ಸ್ವರ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು. ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಬಚ್ಚಣ್ಣ ತಾಳ ನಿಲ್ಲಿಸಿದರು.

ಅವಳು ಕೂಗಿದ್ದು ಒಂದೇ ಸಲ. ನಾನು ದೋಣಿ ದಡ ಮುಟ್ಟುವವರೆಗೂ ಓ ಎನ್ನುತ್ತಲೇ ಇದ್ದೆ.